ರಾಷ್ಟ್ರ, ಅಸ್ಮಿತೆ, ಕ್ರಾಂತಿ: ವ್ಯಾಖ್ಯೆಗಳಾಚೆಗಿನ ಒಂದು ಪ್ರಶ್ನೆ

ಸ್ನಾತಕೋತ್ತರ ತರಗತಿಗಳ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಕುಳಿತಾಗಲೆಲ್ಲ ನನಗೆ ಒಂದೇ ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ. ರಾಷ್ಟ್ರೀಯತೆಯ ಪರಿಕಲ್ಪನೆಯನ್ನು ವಿವೇಚಿಸಿ ಎಂದು ಪ್ರಶ್ನೆ ಕೇಳಿದರೆ, ಒಂದು ಭಾಷೆ, ಒಂದು ಸಂಸ್ಕೃತಿ, ಒಂದು ಚರಿತ್ರೆ ಹಾಗೂ ಒಂದು ಭೂಪ್ರದೇಶವನ್ನು ಹೊಂದಿರುವ ಜನಸಮುದಾಯವೇ ರಾಷ್ಟ್ರ ಎಂದು ಬಹುಪಾಲು ವಿದ್ಯಾರ್ಥಿಗಳು ಬರೆಯುತ್ತಾರೆ. ಮುಂದಿನ ಪುಟದಲ್ಲಿ ಅದೇ ವಿದ್ಯಾರ್ಥಿ ಭಾರತವನ್ನು ಬಹುಭಾಷಿಕ ರಾಷ್ಟ್ರವೆಂದು ವರ್ಣಿಸುತ್ತಾನೆ. ಹಿಂದಿನ ಪುಟದ ವ್ಯಾಖ್ಯೆಯ ಪ್ರಕಾರ ಭಾರತವಾಗಲಿ, ನಾಲ್ಕು ಭಾಷೆಗಳ ಸ್ವಿಟ್ಜರ್ಲೆಂಡ್ ಆಗಲಿ ರಾಷ್ಟ್ರಗಳೇ ಅಲ್ಲ ಎಂಬುದು ಅವನ ಗಮನಕ್ಕೆ ಬಂದಿರುವುದಿಲ್ಲ. ದೋಷ ಅವನದಲ್ಲ. ರಾಷ್ಟ್ರೀಯತೆ, ಅಸ್ಮಿತೆ, ಕ್ರಾಂತಿ ಎಂಬ ಮೂರು ಪರಿಕಲ್ಪನೆಗಳನ್ನು ನಾವು ಮೂರು ಪ್ರತ್ಯೇಕ ಟಿಪ್ಪಣಿಗಳನ್ನಾಗಿ ಕಲಿಸುತ್ತಿದ್ದೇವೆ. ಚರಿತ್ರೆಯಲ್ಲಿ ಅವು ಹಾಗೆ ಬಿಡಿಬಿಡಿಯಾಗಿ ಕಾಣಿಸಿಕೊಂಡವಲ್ಲ.

ಮೊದಲಿಗೆ ಈ ಪದಗಳನ್ನೇ ಗಮನಿಸಬಹುದು. 'ಕ್ರಾಂತಿ' ನಮ್ಮಲ್ಲಿ ಖಗೋಳದಿಂದ ಇಳಿದು ಬಂದ ಮಾತು. ಸೂರ್ಯನ ಪಥಕ್ಕೆ ಕ್ರಾಂತಿವೃತ್ತವೆಂದು ಹೆಸರು. ಸಂಕ್ರಾಂತಿ ಮನೆಮನೆಗೂ ಗೊತ್ತು. ಯುರೋಪಿನ 'ರೆವಲ್ಯೂಷನ್' ಕೂಡ ಆಕಾಶದ ಪದವೇ. 1543ರಲ್ಲಿ ಪ್ರಕಟವಾದ ಕೋಪರ್ನಿಕಸನ ಕೃತಿಯ ಶೀರ್ಷಿಕೆಯಲ್ಲಿ ಅದು ಆಕಾಶಗೋಳಗಳ ಪರಿಭ್ರಮಣವನ್ನು ಸೂಚಿಸುತ್ತಿತ್ತು. ಹೊರಟ ಸ್ಥಾನಕ್ಕೇ ಮರಳುವುದು ಅದರ ಮೂಲ ಅರ್ಥ. 1688ರ ಇಂಗ್ಲೆಂಡಿನ ಘಟನೆಯನ್ನು ಕ್ರಾಂತಿಯೆಂದು ಕರೆದವರು ಹಳೆಯ ಹಕ್ಕುಗಳು ಮರುಸ್ಥಾಪನೆಗೊಂಡವೆಂದೇ ಭಾವಿಸಿದ್ದರು. ಹಿಂದೆಂದೂ ಇಲ್ಲದ ಹೊಸ ವ್ಯವಸ್ಥೆಯನ್ನು ಕಟ್ಟುವುದು ಎಂಬ ಅರ್ಥ ಈ ಪದದಲ್ಲಿ ಗಟ್ಟಿಯಾಗಿ ನೆಲೆಗೊಂಡದ್ದು 1789ರ ಫ್ರಾನ್ಸಿನ ನಂತರ.

'ರಾಷ್ಟ್ರ' ಎಂಬುದು ನಮ್ಮ ಪ್ರಾಚೀನ ಪದ. ಧರ್ಮಶಾಸ್ತ್ರಗಳು ಹೇಳುವ ರಾಜ್ಯದ ಸಪ್ತಾಂಗಗಳಲ್ಲಿ ದೊರೆ, ಅಮಾತ್ಯ, ಪುರ, ಕೋಶ, ದಂಡ, ಮಿತ್ರರ ಜೊತೆಗೆ ರಾಷ್ಟ್ರವೂ ಒಂದು ಅಂಗ. ಆಧುನಿಕ ಕಾಲದಲ್ಲಿ ಅಂಗವಾಗಿದ್ದುದೇ ಅಂಗಿಯಾಯಿತು. ಉಳಿದುವೆಲ್ಲ ಅದರ ಅಧೀನಕ್ಕೆ ಬಂದವು. ಇನ್ನು 'ಅಸ್ಮಿತೆ'. ಪತಂಜಲಿಯ ಯೋಗಸೂತ್ರದಲ್ಲಿ ಅದು ಅವಿದ್ಯೆ, ರಾಗ, ದ್ವೇಷ, ಅಭಿನಿವೇಶಗಳ ಸಾಲಿನಲ್ಲಿ ಬರುವ ಪಂಚಕ್ಲೇಶಗಳಲ್ಲೊಂದು. ಮನುಷ್ಯನು ಕಳೆದುಕೊಳ್ಳಬೇಕೆಂದು ಯೋಗಶಾಸ್ತ್ರ ಬಯಸಿದ್ದನ್ನು ನಾವಿಂದು ಉಳಿಸಿಕೊಳ್ಳಬೇಕಾದ ಸಂಪತ್ತೆಂದು ಬಗೆಯುತ್ತೇವೆ. ಅರ್ಥಪಲ್ಲಟ ಭಾಷೆಯ ಸಹಜ ಧರ್ಮ, ಆದ್ದರಿಂದ ಇದನ್ನು ಆಕ್ಷೇಪವಾಗಿ ಹೇಳುತ್ತಿಲ್ಲ. ಆದರೆ ಪದದ ಅರ್ಥ ಹೀಗೆ ತಿರುಗಿದೆಯೆಂದರೆ ಅದರ ಹಿಂದೆ ಮನುಷ್ಯರ ಬಾಳಿನಲ್ಲಿಯೂ ಏನೋ ತಿರುಗಿರಬೇಕು. ಅದೇನೆಂಬುದನ್ನು ಅರಿಯಲು ಫ್ರಾನ್ಸಿನ ಐದು ವರ್ಷಗಳ ಚರಿತ್ರೆ ನೆರವಾಗುತ್ತದೆ.

1789ರ ಜೂನ್ 17ರಂದು ಫ್ರಾನ್ಸಿನ ಮೂರನೆಯ ವರ್ಗದ ಪ್ರತಿನಿಧಿಗಳು ತಮ್ಮನ್ನು ರಾಷ್ಟ್ರೀಯ ಸಭೆಯೆಂದು ಘೋಷಿಸಿಕೊಂಡರು. ಅದೇ ಆಗಸ್ಟ್‌ನಲ್ಲಿ ಹೊರಬಂದ ಮಾನವ ಹಾಗೂ ನಾಗರಿಕ ಹಕ್ಕುಗಳ ಘೋಷಣೆಯು ಪರಮಾಧಿಕಾರದ ಮೂಲ ರಾಷ್ಟ್ರವೇ ಎಂದು ಸಾರಿತು. ಅಲ್ಲಿಯವರೆಗೆ ದೊರೆಯ ಪ್ರಜೆಗಳೆಂಬುದೇ ಆ ಜನರನ್ನು ಒಂದುಗೂಡಿಸಿದ್ದ ಸಂಬಂಧ. ದೊರೆಯ ಸ್ಥಾನಕ್ಕೆ ರಾಷ್ಟ್ರ ಬಂದ ಕೂಡಲೆ ಒಂದು ಹೊಸ ಪ್ರಶ್ನೆ ಹುಟ್ಟಿತು: ಈ ರಾಷ್ಟ್ರವೆಂದರೆ ಯಾರು? ದೊರೆಗೆ ತನ್ನ ಪ್ರಜೆ ಯಾವ ಭಾಷೆ ಆಡುತ್ತಾನೆಂಬುದು ಮುಖ್ಯವಾಗಿರಲಿಲ್ಲ. ತೆರಿಗೆ ಸಂದರೆ ಸಾಕಾಗಿತ್ತು. ಜನರೇ ಪ್ರಭುಗಳಾದಾಗ ಆ ಜನರು ಪರಸ್ಪರ ಮಾತಾಡಬಲ್ಲವರಾಗಿರಬೇಕು. ಹೀಗೆ ಕ್ರಾಂತಿ ರಾಷ್ಟ್ರವನ್ನು ಹುಟ್ಟಿಸಿತು, ರಾಷ್ಟ್ರ ಅಸ್ಮಿತೆಯನ್ನು ಕೇಳಿತು.

ಈ ಪ್ರಶ್ನೆಗೆ ಫ್ರಾನ್ಸ್ ಎರಡು ಉತ್ತರಗಳನ್ನು ಕೊಟ್ಟಿತು. 1790ರ ಜನವರಿಯಲ್ಲಿ ರಾಷ್ಟ್ರೀಯ ಸಭೆಯು ತನ್ನ ಶಾಸನಗಳನ್ನು ದೇಶದ ವಿವಿಧ ನುಡಿಗಳಿಗೆ ಅನುವಾದಿಸಬೇಕೆಂದು ನಿರ್ಣಯಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಸಭೆಯ ಸದಸ್ಯನಾಗಿದ್ದ ಪಾದ್ರಿ ಆಂರಿ ಗ್ರೆಗ್ವಾರ್ ಪ್ರಾಂತಗಳ ಆಡುನುಡಿಗಳನ್ನು ಕುರಿತು 43 ಪ್ರಶ್ನೆಗಳ ಪತ್ರವೊಂದನ್ನು ಊರೂರಿಗೆ ಕಳುಹಿಸಿದ. ಉತ್ತರಗಳನ್ನು ಕ್ರೋಡೀಕರಿಸಿ 1794ರ ಜೂನ್‌ನಲ್ಲಿ ಅವನು ಮಂಡಿಸಿದ ವರದಿಯ ಅಂದಾಜು ಹೀಗಿದೆ: ಕನಿಷ್ಠ 60 ಲಕ್ಷ ಮಂದಿಗೆ ಫ್ರೆಂಚ್ ಬಾರದು, ಅಷ್ಟೇ ಮಂದಿ ಅದರಲ್ಲಿ ಸರಾಗವಾಗಿ ಸಂಭಾಷಿಸಲಾರರು, ಅದನ್ನು ಶುದ್ಧವಾಗಿ ಆಡಬಲ್ಲವರು 30 ಲಕ್ಷವನ್ನು ಮೀರರು. ಆಗ ಫ್ರಾನ್ಸಿನ ಜನಸಂಖ್ಯೆ ಸುಮಾರು 2.8 ಕೋಟಿ. ಅಂದರೆ ರಾಷ್ಟ್ರಭಾಷೆಯೆನಿಸಿಕೊಂಡದ್ದು ರಾಷ್ಟ್ರದ ಬಹುಸಂಖ್ಯಾತರ ಭಾಷೆಯಾಗಿರಲಿಲ್ಲ. ವರದಿಯ ಶೀರ್ಷಿಕೆಯೇ ಅದರ ಉದ್ದೇಶವನ್ನು ಹೇಳುತ್ತದೆ: ಪ್ರಾಂತೀಯ ನುಡಿಗಳನ್ನು ನಿರ್ಮೂಲಗೊಳಿಸುವ ಮತ್ತು ಫ್ರೆಂಚನ್ನು ಸಾರ್ವತ್ರಿಕಗೊಳಿಸುವ ಅಗತ್ಯ ಹಾಗೂ ಮಾರ್ಗಗಳು. ಅದಕ್ಕೂ ಕೆಲವು ತಿಂಗಳ ಮುಂಚೆ ಬಾರೆರ್ ಎಂಬ ನಾಯಕ ಬ್ರೆಟನ್, ಬಾಸ್ಕ್, ಜರ್ಮನ್ ಮತ್ತು ಇಟಾಲಿಯನ್ ನುಡಿಗಳನ್ನು ಕ್ರಾಂತಿಯ ಶತ್ರುಗಳ ಆಯುಧಗಳೆಂದು ದೂಷಿಸಿದ್ದ. 1790ರಲ್ಲಿ ಅನುವಾದಕ್ಕೆ ಯೋಗ್ಯವಾಗಿದ್ದ ಭಾಷೆಗಳು ನಾಲ್ಕೇ ವರ್ಷಗಳಲ್ಲಿ ದ್ರೋಹದ ಗುರುತುಗಳಾದವು.

ಗ್ರೆಗ್ವಾರ್ ದುಷ್ಟನಾಗಿರಲಿಲ್ಲ ಎಂಬುದೇ ಇಲ್ಲಿ ನಾವು ಯೋಚಿಸಬೇಕಾದ ಅಂಶ. ಯಹೂದಿಗಳಿಗೆ ನಾಗರಿಕ ಹಕ್ಕು ಸಿಗಬೇಕೆಂದು ವಾದಿಸಿದವರಲ್ಲಿ ಅವನು ಅಗ್ರಗಣ್ಯ. ಗುಲಾಮಗಿರಿಯ ವಿರುದ್ಧ ಜೀವನಪರ್ಯಂತ ಬರೆದವನು. ಭಾಷೆಯ ವಿಷಯದಲ್ಲಿಯೂ ಅವನ ವಾದದಲ್ಲಿ ಹುರುಳಿಲ್ಲದಿಲ್ಲ. ಕಾನೂನಿನ ಭಾಷೆ ಬಾರದ ರೈತನು ಗುಮಾಸ್ತನ ಕೈಗೊಂಬೆಯಾಗುತ್ತಾನೆ, ತನ್ನ ಹಕ್ಕು ಏನೆಂಬುದೇ ಅವನಿಗೆ ತಿಳಿಯುವುದಿಲ್ಲ ಎಂಬ ಕಳವಳ ಅದರ ಹಿಂದಿತ್ತು. ಆದರೆ ರೈತನಿಗೆ ಫ್ರೆಂಚ್ ಕಲಿಸುವುದಕ್ಕೂ ಅವನ ನುಡಿಯನ್ನು ಇಲ್ಲವಾಗಿಸುವುದಕ್ಕೂ ನಡುವಿನ ಅಂತರ ಅವನಿಗೆ ಕಾಣಲಿಲ್ಲ. ಮುಂದೆ 19ನೆಯ ಶತಮಾನದ ಶಾಲೆಗಳಲ್ಲಿ ಬ್ರೆಟನ್ ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಅವಮಾನದ ಗುರುತೊಂದನ್ನು ತೂಗುಹಾಕುವ ಪದ್ಧತಿ ಬಂದದ್ದು ಈ ಕುರುಡಿನ ಫಲ. ಕನ್ನಡ ಮಾತಾಡಿದ ಮಕ್ಕಳಿಗೆ ದಂಡ ವಿಧಿಸುವ ಆಂಗ್ಲ ಮಾಧ್ಯಮ ಶಾಲೆಗಳನ್ನು ಕಂಡಿರುವ ನಮಗೆ ಆ ಮಗುವಿನ ಮುಖ ಅಪರಿಚಿತವಲ್ಲ.

1882ರಲ್ಲಿ ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ರಾಷ್ಟ್ರವೆಂದರೇನು ಎಂಬ ಪ್ರಸಿದ್ಧ ಉಪನ್ಯಾಸ ನೀಡಿದ ಅರ್ನೆಸ್ಟ್ ರೆನಾನ್, ಜನಾಂಗವಾಗಲಿ ಭಾಷೆಯಾಗಲಿ ಧರ್ಮವಾಗಲಿ ರಾಷ್ಟ್ರವನ್ನು ನಿರ್ಧರಿಸಲಾರದು ಎಂದ. ಒಟ್ಟಿಗೆ ಬಾಳುವ ಇಚ್ಛೆಯೇ ಅದರ ಆಧಾರವೆಂಬುದು ಅವನ ನಿಲುವು. ಜೊತೆಗೆ, ಮರೆವು ರಾಷ್ಟ್ರನಿರ್ಮಾಣಕ್ಕೆ ಅಗತ್ಯವೆಂದೂ ಹೇಳಿದ. ಅವನ ಮೊದಲ ಮಾತನ್ನು ನಾನು ಒಪ್ಪುತ್ತೇನೆ. ಎರಡನೆಯದು ಚರಿತ್ರೆಯ ವರ್ಣನೆಯಾಗಿ ನಿಜವಿರಬಹುದು, ಆದರೆ ವಿದ್ವಾಂಸನು ಪಾಲಿಸಬೇಕಾದ ವಿಧಿಯಾಗಲಾರದು. ರಾಷ್ಟ್ರ ಮರೆತದ್ದನ್ನು ನೆನಪಿಸುವುದಕ್ಕಾಗಿಯೇ ಸಾಹಿತ್ಯ ಮತ್ತು ಇತಿಹಾಸದ ಅಧ್ಯಯನಗಳಿವೆ.

ಈ ಬೆಳಕಿನಲ್ಲಿ ಕರ್ನಾಟಕದ ಕಡೆ ನೋಡೋಣ. 1956ಕ್ಕೆ ಮುಂಚೆ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗುಗಳಲ್ಲಿ ಹಂಚಿಹೋಗಿದ್ದರು. ಮುಂಬಯಿ ಕರ್ನಾಟಕದಲ್ಲಿ ಮರಾಠಿಯ, ಹೈದರಾಬಾದ್ ಕರ್ನಾಟಕದಲ್ಲಿ ಉರ್ದುವಿನ ಪ್ರಾಬಲ್ಯವಿತ್ತು. 1890ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವಾಗಲಿ, 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಪ್ರಕಟಿಸಿದ ಆಲೂರು ವೆಂಕಟರಾಯರಾಗಲಿ ಹೋರಾಡಿದ್ದು ಇಂಥ ಸ್ಥಿತಿಯ ವಿರುದ್ಧ. ಏಕೀಕರಣ, 1963ರ ಆಡಳಿತ ಭಾಷಾ ಅಧಿನಿಯಮ, 1982ರ ಗೋಕಾಕ್ ಚಳವಳಿ ಇವೆಲ್ಲವುಗಳ ತಿರುಳು ಒಂದೇ: ಪ್ರಭುತ್ವ ಜನರ ಭಾಷೆಯನ್ನು ಕಲಿಯಲಿ. ಇದು 1790ರ ಫ್ರಾನ್ಸಿನ ಮಾರ್ಗ. ಜನರು ತಮ್ಮದನ್ನು ಬಿಟ್ಟು ಪ್ರಭುತ್ವದ ಭಾಷೆಗೆ ಬರಲಿ ಎಂಬುದು 1794ರ ಮಾರ್ಗ. ಕನ್ನಡದ ಹೋರಾಟದ ನೈತಿಕ ಬಲವಿರುವುದು ಮೊದಲನೆಯದರಲ್ಲಿ.

ಆದರೆ ಈ ನ್ಯಾಯವನ್ನು ನಾವು ನಮ್ಮ ಗಡಿಯೊಳಗೆ ಎಷ್ಟರಮಟ್ಟಿಗೆ ಪಾಲಿಸಿದ್ದೇವೆ? ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೆಯ ಪರಿಚ್ಛೇದವನ್ನು ಸೇರಿತು. ತುಳು, ಕೊಡವ ಭಾಷೆಗಳು ಇನ್ನೂ ಹೊರಗಿವೆ. ಬ್ಯಾರಿ, ಲಂಬಾಣಿಗಳ ಪ್ರಸ್ತಾಪ ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಬರುವುದೇ ಅಪರೂಪ.

ಕೆಲವು ವರ್ಷಗಳ ಹಿಂದೆ 'ಕವಿರಾಜಮಾರ್ಗ'ವನ್ನು ಪಾಠಮಾಡುತ್ತಿದ್ದೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳುವ ಆ ಪದ್ಯವನ್ನು ಎಲ್ಲರೂ ಬಲ್ಲರು. 9ನೆಯ ಶತಮಾನದ ಆ ಮಾತನ್ನು ಆಧುನಿಕ ರಾಷ್ಟ್ರೀಯತೆಯೆಂದು ಓದುವುದು ಕಾಲವಿರೋಧವೆಂದು ವಿವರಿಸಿದೆ. ಅದೇ ಗ್ರಂಥ 'ಕನ್ನಡಂಗಳ್' ಎಂದು ಬಹುವಚನ ಬಳಸುತ್ತದೆ, ದೇಸಿಗಳು ಬೇರೆ ಬೇರೆಯಾಗಿರುವುದರಿಂದ ವಾಸುಕಿಯೂ ಅವನ್ನು ಅರಿಯಲಾರದೆ ಬೇಸರಗೊಳ್ಳುವನೆಂದು ಹೇಳುತ್ತದೆ ಎಂಬುದನ್ನೂ ತೋರಿಸಿದೆ. ಆಗ ತಾಂಡಾದಿಂದ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸರ್, ಈ ಕನ್ನಡಂಗಳಲ್ಲಿ ನಮ್ಮ ಮನೆ ಮಾತು ಸೇರುತ್ತದೆಯೆ?" ಎಂದು ಕೇಳಿದಳು. ಲಂಬಾಣಿ ಇಂಡೋ-ಆರ್ಯನ್ ವರ್ಗಕ್ಕೆ ಸೇರಿದ ಭಾಷೆ, ಕನ್ನಡದ ಉಪಭಾಷೆಯಲ್ಲ ಎಂದು ಉತ್ತರಿಸಿದೆ. ಭಾಷಾವಿಜ್ಞಾನದ ದೃಷ್ಟಿಯಿಂದ ಅದು ಸರಿಯಾದ ಉತ್ತರವೇ. ಆದರೆ ಆಕೆ ಕೇಳಿದ್ದು ಭಾಷಾವರ್ಗದ ಪ್ರಶ್ನೆಯಲ್ಲ ಎಂದು ನನಗೆ ಹೊಳೆದದ್ದು ಸಂಜೆ ಮನೆಗೆ ಮರಳುವಾಗ. ಈ ನಾಡಿನ ಲೆಕ್ಕದಲ್ಲಿ ತಾನು ಇದ್ದೇನೆಯೆ ಎಂದು ಆಕೆ ಕೇಳಿದ್ದಳು. 'ಅಸ್ಮಿ' ಎಂದರೆ 'ಇದ್ದೇನೆ' ಎಂದೇ ಅರ್ಥ. ಯೋಗಿಗೆ ಕ್ಲೇಶವಾದದ್ದು, ಲೆಕ್ಕದಿಂದಲೇ ಹೊರಗುಳಿದವರಿಗೆ ಮೊದಲು ದಕ್ಕಬೇಕಾದ ಹಕ್ಕು. ಪದದ ಅರ್ಥ ಯಾಕೆ ತಿರುಗಿತೆಂಬುದಕ್ಕೆ ನನಗೆ ಉತ್ತರ ಸಿಕ್ಕಿದ್ದು ಅಂದು.

ಆದ್ದರಿಂದ ಸಂಶೋಧನೆಗೆ ತೊಡಗುವ ಕಿರಿಯರಲ್ಲಿ ನನ್ನದೊಂದು ವಿನಂತಿ. ರಾಷ್ಟ್ರೀಯತೆಯನ್ನು ಕುರಿತ ಯಾವ ಪಠ್ಯವನ್ನು ಓದುವಾಗಲೂ ವ್ಯಾಖ್ಯೆಗೆ ತೃಪ್ತರಾಗದೆ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಿ. ಈ ರಾಷ್ಟ್ರವನ್ನು ಯಾವ ಬದಲಾವಣೆ ಹುಟ್ಟಿಸಿತು? ಅದು ತನ್ನವರೆಂದು ಯಾರನ್ನು ಎಣಿಸಿತು? ಹಾಗೆ ಎಣಿಕೆಗೆ ಬರಲು ಅವರು ಏನನ್ನು ಬಿಡಬೇಕಾಯಿತು? ಮೂರನೆಯ ಪ್ರಶ್ನೆಯನ್ನು ದಿಲ್ಲಿಗೆ ಕೇಳುವ ಹಕ್ಕು ನಮಗಿದೆ. ತಾಂಡಾದ ಹುಡುಗಿ ಅದನ್ನು ನಮಗೆ ಕೇಳಿದಾಗ ವ್ಯಾಕರಣದ ಮರೆಗೆ ಸರಿಯದೆ ಉತ್ತರಿಸುವ ಹೊಣೆಯೂ ನಮ್ಮದೇ.