ಬೆರಳ ತುದಿಯ ಆ ಹನಿ ರಕ್ತ ಮಕ್ಕಳದ್ದೂ ಆಗಲಿ



ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆಯಿಂದಾಗಿ 30 ದಾಟಿದವರ ಮನೆಬಾಗಿಲಿಗೇ ಸಕ್ಕರೆ ಪರೀಕ್ಷೆ ಬಂದಿದೆ. ಸಂತೋಷ. ಆದರೆ ವಾಂತಿ-ಭೇದಿಯಿಂದ ಸೋತು, ತಾಯಿಯ ಹೆಗಲಿಗೆ ಒರಗಿ ಆಸ್ಪತ್ರೆಗೆ ಬರುವ ಎರಡು ವರ್ಷದ ಕೂಸಿನ ಬೆರಳಿಗೂ ಅದೇ ಗ್ಲುಕೋಮೀಟರ್ ಹಿಡಿಯಬೇಕೆಂಬ ಕಡ್ಡಾಯ ಏಕಿಲ್ಲ? ಸಕ್ಕರೆ ಎಂದರೆ ದೊಡ್ಡವರಿಗೆ ಏರುವ ಕಾಯಿಲೆ ಎಂದೇ ಆರೋಗ್ಯ ಇಲಾಖೆಯೂ ತಿಳಿದಂತಿದೆ.

ಎಳೆಯ ಮಕ್ಕಳ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ, ಮಿದುಳು ಬೇಡುವುದು ಹೆಚ್ಚು. ರಾತ್ರಿಯೆಲ್ಲ ಕುಡಿದದ್ದು ದಕ್ಕದಿದ್ದರೆ ಬೆಳಗಾಗುವಷ್ಟರಲ್ಲಿ ರಕ್ತದ ಸಕ್ಕರೆ ಕುಸಿದು ಮಗು ಮಂಕಾಗಬಹುದು, ತಣ್ಣಗೆ ಬೆವರಬಹುದು, ಫಿಟ್ಸ್ ಕೂಡ ಬರಬಹುದು. ‘ಸುಸ್ತಾಗಿ ಮಲಗಿದೆ, ಎಬ್ಬಿಸಬೇಡಿ’ ಎನ್ನುವವರಿಗೆ ಇದು ತಿಳಿದಿರುವುದಿಲ್ಲ. ‘ಹೊಟ್ಟೆ ಖಾಲಿ ಬಿಟ್ಟರೆ ಭೇದಿ ನಿಲ್ಲುತ್ತೆ’ ಎಂದು ಎದೆಹಾಲು, ಗಂಜಿ, ರಾಗಿ ಸರಿ ಎಲ್ಲವನ್ನೂ ನಿಲ್ಲಿಸುವ ಅಜ್ಜಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಹಾಗೆ ಹೇಳಿ ಕಳಿಸುವ ಕ್ಲಿನಿಕ್ಕುಗಳೂ ಇವೆ, ಅದು ಇನ್ನೂ ಬೇಸರದ ಸಂಗತಿ.

ಡ್ರಿಪ್ ಹಾಕಿದರೆ ಗ್ಲೂಕೋಸ್ ಹೋಯಿತೆಂದು ಜನ ನಿಶ್ಚಿಂತರಾಗುತ್ತಾರೆ. ಭೇದಿಗೆ ಮೊದಲು ಏರಿಸುವ ಸಲೈನ್, ರಿಂಗರ್ ಲ್ಯಾಕ್ಟೇಟ್‌ಗಳಲ್ಲಿ ಸಕ್ಕರೆಯೇ ಇರುವುದಿಲ್ಲ. ಪರೀಕ್ಷೆಯಲ್ಲಿ ಡೆಸಿಲೀಟರಿಗೆ 45 ಮಿಲಿಗ್ರಾಂಗಿಂತ (ತೀವ್ರ ಅಪೌಷ್ಟಿಕ ಮಗುವಿನಲ್ಲಿ 54ಕ್ಕಿಂತ) ಕಡಿಮೆ ಬಂದರೆ ಶೇ 10ರ ಗ್ಲೂಕೋಸನ್ನು ಕೆ.ಜಿ. ತೂಕಕ್ಕೆ 5 ಮಿ.ಲೀ.ನಂತೆ ರಕ್ತನಾಳಕ್ಕೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಸೂಜಿ ಹಾಕಲಾಗದಿದ್ದರೆ ತೇವ ಮಾಡಿದ ಸಕ್ಕರೆಯನ್ನು ನಾಲಿಗೆಯ ಕೆಳಗೆ ಇಡಬಹುದು. ಇದಕ್ಕೆ ದುಬಾರಿ ಉಪಕರಣವೇನೂ ಬೇಡ.

2025ರ ಮಾರ್ಚ್‌ನಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಟಿ. ಕಾಗೇಪುರದ ವಸತಿ ಶಾಲೆಯಲ್ಲಿ ಹೊರಗಿನಿಂದ ತಂದ ಊಟ ತಿಂದು ಮಕ್ಕಳು ಅಸ್ವಸ್ಥರಾದರು, ಮೇಘಾಲಯದ ಇಬ್ಬರು ವಿದ್ಯಾರ್ಥಿಗಳು ತೀರಿಕೊಂಡರು. ಅವರು ದೊಡ್ಡ ಮಕ್ಕಳು, ಅವರ ಸಾವಿಗೆ ಸಕ್ಕರೆ ಕುಸಿತ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಅಂಥ ದಿನ ಹತ್ತಾರು ಮಕ್ಕಳು ಒಟ್ಟಿಗೆ ಆಸ್ಪತ್ರೆಗೆ ಬಂದಾಗ ಯಾರನ್ನು ಮೊದಲು ನೋಡಬೇಕೆಂಬುದನ್ನು ತಿಳಿಯಲು ಆ ಹನಿ ರಕ್ತವೂ ನೆರವಾಗುತ್ತದೆ.

ಒಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆ ಹಂಚುವ ಅಭಿಯಾನ 2014ರಿಂದಲೂ ನಡೆದಿದೆ. ಅದು ಬೇಕೇ ಬೇಕು; ಒಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸೂ ಇದೆ. ಆದರೆ ಮಗು ಅದನ್ನು ಕಕ್ಕುತ್ತಿದ್ದರೆ, ಕುಡಿಯಲೂ ಆಗದಷ್ಟು ಮಂಕಾಗಿದ್ದರೆ ಪೊಟ್ಟಣ ಕೈಗಿಟ್ಟು ಕಳಿಸಿ ಪ್ರಯೋಜನವಿಲ್ಲ. ಮದ್ದೂರು, ಮಳವಳ್ಳಿಯಿಂದ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಆಂಬುಲೆನ್ಸ್ ಹತ್ತಿಸುವ ಮೊದಲು ಸಕ್ಕರೆ ನೋಡಿ, ಆ ಅಂಕಿಯನ್ನು ರೆಫರಲ್ ಚೀಟಿಯಲ್ಲಿ ಬರೆಯುವುದನ್ನು ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಮಳೆಗಾಲಕ್ಕೆ ಮುಂಚೆಯೇ ಕಡ್ಡಾಯ ಮಾಡಲಿ.

— ನಿವೃತ್ತ ಆರೋಗ್ಯ ಸಹಾಯಕಿ, ಮದ್ದೂರು