ಸೈನ್ ಹಾಕೋವಾಗ ನೀನು ಅಲ್ಲೇ ಇದ್ಯಾ, ಮಾಮ?

ಹೋದ ವರ್ಷ ನಮ್ಮಕ್ಕನ ಮಗನಿಗೆ ಹನ್ನೊಂದು ತುಂಬಿತು. ಅರಸೀಕೆರೆ ಕಡೆಯ ನಮ್ಮೂರಲ್ಲಿ ಕ್ರಿಕೆಟ್ ಬಿಟ್ಟು ಫುಟ್‌ಬಾಲ್ ಹುಚ್ಚು ಹತ್ತಿಸಿಕೊಂಡ ಮೊದಲ ಹುಡುಗ ಅವನೇ ಇರಬೇಕು. 2022ರ ವಿಶ್ವಕಪ್ ಫೈನಲ್ಲನ್ನು ಅವರಪ್ಪನ ಮೊಬೈಲಿನಲ್ಲಿ ನೋಡಿದ ದಿನದಿಂದ ಅವನಿಗೆ ದೇವರು ಒಬ್ಬನೇ, ಮೆಸ್ಸಿ. ನಾನು ಬೆಂಗಳೂರಿನ ಮಾಮ. ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತೆ, ಬಿಡುವು ಮಾತ್ರ ಬರಲ್ಲ. ಹುಟ್ಟುಹಬ್ಬದ ದಿನವೇ ನಮ್ಮ ಪ್ರೊಡಕ್ಷನ್ ರಿಲೀಸ್. ಊರಿಗೆ ಹೋಗಲು ಆಗಲ್ಲ ಅಂತ ಗೊತ್ತಾದ ರಾತ್ರಿ, ಬಿಲ್ಡ್ ಓಡುತ್ತಿರುವಾಗ, ಪಕ್ಕದ ಟ್ಯಾಬಿನಲ್ಲಿ ಉಡುಗೊರೆ ಹುಡುಕಿದೆ. ಮೆಸ್ಸಿ ಸಹಿ ಇರುವ ಫೋಟೊ, ಕಪ್ಪು ಫ್ರೇಮು, ಮೂಲೆಯಲ್ಲಿ ಹೊಳೆಯುವ ಹೋಲೋಗ್ರಾಮ್ ಸ್ಟಿಕ್ಕರ್, ಜೊತೆಗೆ 'ಅಸಲಿ' ಎನ್ನುವ ಸರ್ಟಿಫಿಕೇಟು. 14,999 ರೂಪಾಯಿ. ಬಟನ್ ಒತ್ತಿದೆ. ಮನಸ್ಸು ಹಗುರಾಯಿತು.

ಪಾರ್ಸೆಲ್ ತಲುಪಿದ ಸಂಜೆ ಫೋನ್ ಬಂತು.

"ಮಾಮ, ಮೆಸ್ಸಿ ಸೈನ್ ಹಾಕೋವಾಗ ನೀನು ಅಲ್ಲೇ ಇದ್ಯಾ?"

"ಇಲ್ಲ ಕಣೋ, ಆನ್‌ಲೈನಲ್ಲಿ ತರಿಸಿದ್ದು."

"ಮತ್ತೆ ಅವ್ರಿಗೆ ನನ್ ಹೆಸ್ರು ಯಾರು ಹೇಳಿದ್ರು?"

"ಹೆಸ್ರು ಯಾರೂ ಹೇಳಿಲ್ವೋ."

"ಹಂಗಾದ್ರೆ ಅವ್ರು ಇದನ್ನ ಯಾರಿಗೆ ಹಾಕ್ಕೊಟ್ಟಿದ್ದು?"

ಐದು ವರ್ಷ ಕೋಡ್ ರಿವ್ಯೂ ಮಾಡಿದ್ದೀನಿ, ಇಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಯಾವ ಆರ್ಕಿಟೆಕ್ಟೂ ಕೇಳಿಲ್ಲ. ಯಾರಿಗೆ ಹಾಕಿಕೊಟ್ಟಿದ್ದು? ಯಾರಿಗೂ ಅಲ್ಲ. ದುಡ್ಡು ಕೊಟ್ಟ ಯಾರಿಗೆ ಬೇಕಾದರೂ.

ಇದನ್ನು ಬರೆಯುತ್ತಿರುವುದು ನನ್ನಂಥವರು ಈಗ ಬಹಳ ಜನ ಆಗಿರುವುದಕ್ಕೆ. ನಮ್ಮ ಆಫೀಸಲ್ಲೇ ನೋಡಿ. ಮ್ಯಾನೇಜರ್ ಬರ್ತ್‌ಡೇಗೆ ಟೀಮಿನವರೆಲ್ಲ ದುಡ್ಡು ಹಾಕಿ ಸೈನ್ಡ್ ಜೆರ್ಸಿ ತರಿಸುವುದು, ಗಂಡನಿಗೆ ಹೆಂಡತಿ ಸೈನ್ಡ್ ಬೂಟು ಕೊಡುವುದು, ಅದನ್ನು ಗೋಡೆಗೆ ಹಾಕಿ ಕೆಳಗೊಂದು ಪುಟ್ಟ ಲೈಟು ಬಿಡುವುದು. ವೀಡಿಯೊ ಕಾಲಿನಲ್ಲಿ ಹಿಂದೆ ಕಾಣುವ ಹಾಗೆ ಕುರ್ಚಿ ತಿರುಗಿಸಿಕೊಳ್ಳುವುದು. ನಾನು ಹೇಳುತ್ತಿರುವುದು ಇಷ್ಟೇ: ಕೊಂಡ ಹಸ್ತಾಕ್ಷರ ಹಸ್ತಾಕ್ಷರವೇ ಅಲ್ಲ. ಹುಟ್ಟುಹಬ್ಬಕ್ಕೆ ಕೊಡುವ ಉಡುಗೊರೆಯಂತೂ ಮೊದಲೇ ಅಲ್ಲ.

ಸಹಿ ಅಂದರೆ ಏನು ಅಂತ ನನಗೆ ಮೊದಲು ತೋರಿಸಿದ್ದು ನಮ್ಮಜ್ಜಿ. ಹೆಬ್ಬೆಟ್ಟು ಒತ್ತುತ್ತಿದ್ದವಳು ಅರವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಹೆಸರು ಬರೆಯಲು ಕಲಿತಳು. ಪೋಸ್ಟ್‌ಮ್ಯಾನ್ ಪೆನ್ಶನ್ ದುಡ್ಡು ತಂದಾಗ ಜಗಲಿ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ನಾಲ್ಕು ಅಕ್ಷರ ಬರೆಯಲು ಹತ್ತು ನಿಮಿಷ ತಗೊಳ್ಳುತ್ತಿದ್ದಳು. ಅವನೋ ಬಿಸಿಲಲ್ಲಿ ಸೈಕಲ್ ಹಿಡಿದು, "ಅಜ್ಜಿ, ಹೆಬ್ಬೆಟ್ಟೇ ಒತ್ತಿಬಿಡಿ, ಇನ್ನೂ ಎರಡು ಹಳ್ಳಿ ಸುತ್ತಬೇಕು" ಅನ್ನೋನು. ಅಜ್ಜಿ ತಲೆ ಎತ್ತುತ್ತಿರಲಿಲ್ಲ. ಆ ಸಹಿಗೆ ಇದ್ದ ಅರ್ಥ ಒಂದೇ: ನಾನು ಇಲ್ಲಿದ್ದೆ, ನಿನ್ನ ಎದುರಿಗೇ ಇದ್ದೆ.

ಆಟಗಾರನ ಹಸ್ತಾಕ್ಷರದ ಸೆಳೆತವೂ ಇದೇ. ಆ ಸೆಳೆತ ಸುಳ್ಳು ಅಂತ ನಾನು ಹೇಳಲ್ಲ. ಟಿವಿಯಲ್ಲಿ ಅಂಗೈ ಅಗಲ ಕಾಣುವ ಮನುಷ್ಯ ಎದುರಿಗೆ ಬಂದು, ಬೆವರು ಒರೆಸಿಕೊಂಡು, ನಿನ್ನ ಹೆಸರು ಕೇಳಿ ಪೆನ್ನು ತಗೊಳ್ಳುವ ಐದು ಸೆಕೆಂಡು ಇದೆಯಲ್ಲ, ಅದಕ್ಕೆ ಬೆಲೆ ಕಟ್ಟಲಾಗಲ್ಲ. ಕಾಗದ ಆ ಐದು ಸೆಕೆಂಡಿನ ರಸೀದಿ. ನಾವು ಈಗ ಮಾಡುತ್ತಿರುವುದು ಊಟ ಮಾಡದೆ ಹೋಟೆಲಿನ ಬಿಲ್ಲಿಗೆ ಫ್ರೇಮ್ ಹಾಕಿಸುವ ಕೆಲಸ.

ಫುಟ್‌ಬಾಲ್ ಲೋಕದ ಅತಿ ಪ್ರಸಿದ್ಧ ಕಾಗದದ ಚೂರನ್ನೇ ತಗೊಳ್ಳಿ. 2000ನೇ ಇಸವಿ ಡಿಸೆಂಬರ್ 14ರಂದು ಬಾರ್ಸಿಲೋನಾದ ಒಂದು ಟೆನಿಸ್ ಕ್ಲಬ್ಬಿನಲ್ಲಿ, 13 ವರ್ಷದ ಮೆಸ್ಸಿಯನ್ನು ತಂಡಕ್ಕೆ ತಗೊಳ್ಳುತ್ತೇವೆ ಅಂತ ಕಾರ್ಲೆಸ್ ರೆಶಾಕ್ ಒಂದು ಪೇಪರ್ ನ್ಯಾಪ್ಕಿನ್ ಮೇಲೆ ಬರೆದುಕೊಟ್ಟರು. 2024ರಲ್ಲಿ ಅದು ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 7,62,400 ಪೌಂಡಿಗೆ ಹೋಯಿತು. ಅದರ ಮೇಲಿರುವುದು ರೆಶಾಕ್, ಸಲಹೆಗಾರ ಮಿಂಗೆಯಾ, ಏಜೆಂಟ್ ಗಾಜಿಯೋಲಿ, ಈ ಮೂವರ ಸಹಿ. ಮೆಸ್ಸಿಯ ಸಹಿ ಇಲ್ಲವೇ ಇಲ್ಲ! ಆದರೂ ಆ ಬೆಲೆ ಯಾಕೆ? ಆ ಮೇಜಿನ ಮುಂದೆ ಏನೋ ನಡೆಯಿತು, ಅದಕ್ಕೆ. ಮರಡೋನಾ 1986ರಲ್ಲಿ ಇಂಗ್ಲೆಂಡ್ ವಿರುದ್ಧ ಹಾಕಿದ್ದ ಜೆರ್ಸಿ 2022ರಲ್ಲಿ 71 ಲಕ್ಷ ಪೌಂಡ್ ದಾಟಿತು. ಅದನ್ನು ಅಷ್ಟು ವರ್ಷ ಇಟ್ಟುಕೊಂಡಿದ್ದವರು ಸ್ಟೀವ್ ಹಾಜ್. ಅದೇ ಪಂದ್ಯ ಆಡಿ, ಮುಗಿದ ಮೇಲೆ ಮರಡೋನಾ ಜೊತೆ ಜೆರ್ಸಿ ಬದಲಾಯಿಸಿಕೊಂಡವರು. ಅವರ ಹತ್ತಿರ ಬಟ್ಟೆಯೂ ಇತ್ತು, ಕಥೆಯೂ ಇತ್ತು. ನನ್ನ 14,999ರಲ್ಲಿ ಕಥೆ ಸೇರಿರಲಿಲ್ಲ.

ಇನ್ನು ಅಸಲಿ-ನಕಲಿಯ ಮಾತು. ಅಮೆರಿಕದಲ್ಲಿ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಅಂತ ಒಂದು ತನಿಖೆ ನಡೆಸಿ ನಕಲಿ ಸಹಿಗಳ ದೊಡ್ಡ ಜಾಲವನ್ನೇ ಹಿಡಿಯಿತು. ಮದರ್ ತೆರೇಸಾ ಸಹಿ ಇರುವ ಬೇಸ್‌ಬಾಲ್ ಚೆಂಡುಗಳೂ ಆ ಮಾಲಿನಲ್ಲಿದ್ದವು! ಆ ತಾಯಿ ಯಾವಾಗ ಬೇಸ್‌ಬಾಲ್ ಮುಟ್ಟಿದ್ದರೋ. ಅಲ್ಲೂ ಮಾಲಿನ ಜೊತೆ ಸರ್ಟಿಫಿಕೇಟ್ ಇರುತ್ತಿತ್ತು. ನಾವು ಸಾಫ್ಟ್‌ವೇರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಮಾಲು ಮಾರುವವನೇ ಸರ್ಟಿಫಿಕೇಟನ್ನೂ ಕೊಟ್ಟರೆ ಅದು ಸೆಲ್ಫ್-ಸೈನ್ಡ್ ಸರ್ಟಿಫಿಕೇಟು. ಬ್ರೌಸರಿನಲ್ಲಿ ಕೆಂಪು ಎಚ್ಚರಿಕೆ ಬಂದರೆ ಟ್ಯಾಬ್ ಮುಚ್ಚುವ ನಾವು, ಹೋಲೋಗ್ರಾಮ್ ನೋಡಿದ ಕೂಡಲೇ ಕಾರ್ಡ್ ನಂಬರ್ ಹಾಕುತ್ತೀವಿ. ನಾನೂ ಆಮೇಲೆ ಕೂತು ಆ ಮಾರಾಟಗಾರನ ಬೇರೆ ಫೋಟೊಗಳನ್ನು ನೋಡಿದೆ. ಎಲ್ಲದರಲ್ಲೂ ಅದೇ ವಾಲು, ಅದೇ ಬಾಲ, ಕೊನೆಯಲ್ಲಿ ಅದೇ ಚುಕ್ಕೆ. ಕೇಳಿದರೆ, "ಸರ್ಟಿಫಿಕೇಟ್ ಇದೆಯಲ್ಲ ಸರ್" ಅಂತ ಉತ್ತರ.

"ದುಡ್ಡು ನಂದು, ಖುಷಿ ನಂದು, ನಿಂಗೇನ್ ಕಷ್ಟ ಗುರೂ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮೆಸ್ಸಿ ನಮ್ಮೂರಿಗೆ ಬರಲ್ಲ, ನಾವು ಮಯಾಮಿಗೆ ಹೋಗೋಕಾಗಲ್ಲ, ದೂರದ ಭಕ್ತರಿಗೆ ಫೋಟೊನಾದರೂ ಬೇಡವಾ ಅಂತಲೂ ಕೇಳಬಹುದು. ಫೋಟೊ ಬೇಕು ಅಂದರೆ ಇಪ್ಪತ್ತು ರೂಪಾಯಿಯ ಪೋಸ್ಟರ್ ತಗೊಳ್ಳಿ. ಅದು ನಾನು ಪೋಸ್ಟರ್ ಅಂತ ಒಪ್ಪಿಕೊಳ್ಳುತ್ತೆ, ಮರ್ಯಾದೆಯಿಂದ ಗೋಡೆ ಮೇಲಿರುತ್ತೆ. ನನ್ನ ತಕರಾರು ಇರುವುದು ದೂರದ ಸಹಿಗೆ ಸಾವಿರಗಟ್ಟಲೆ ಸುರಿಯುವ ನಾವು ಹತ್ತಿರದ ಮೈದಾನಕ್ಕೆ ಕಾಲಿಡದೆ ಇರುವುದರ ಬಗ್ಗೆ.

2018ರ ಜೂನ್ 1ರಂದು ಮುಂಬೈನಲ್ಲಿ ಭಾರತ ಚೈನೀಸ್ ತೈಪೆಯನ್ನು 5-0 ಅಂತರದಲ್ಲಿ ಸೋಲಿಸಿತು, ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದರು. ನೋಡಲು ಬಂದಿದ್ದವರು 2,569 ಜನ. ಆಮೇಲೆ ಛೆಟ್ರಿ ವಿಡಿಯೊದಲ್ಲಿ ಕೈಮುಗಿದು ಕೇಳಿಕೊಂಡರು: ಬೈಯಿರಿ, ಟೀಕೆ ಮಾಡಿ, ಆದರೆ ಮೈದಾನಕ್ಕೆ ಬನ್ನಿ ಅಂತ. ನಮ್ಮ ಬೆಂಗಳೂರು ತಂಡದ ನಾಯಕ ಆಗ ಅವರು. ಮೂರು ದಿನದ ಮೇಲೆ ಕೀನ್ಯಾ ವಿರುದ್ಧದ ಪಂದ್ಯಕ್ಕೆ ಮೈದಾನ ತುಂಬಿತು. ಅಂದರೆ ದೇಶದ ದೊಡ್ಡ ಆಟಗಾರನಿಗೂ ಬೇಕಾಗಿದ್ದು ಕುರ್ಚಿ ಮೇಲೆ ಕೂತ ಮನುಷ್ಯರು.

ಇನ್ನೂ ಹತ್ತಿರಕ್ಕೆ ಬನ್ನಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನವರು ಬರಿಗಾಲಲ್ಲಿ ಆಡಿ ಫ್ರಾನ್ಸ್ ಎದುರು 2-1ರಿಂದ ಸೋತರು. ನಮ್ಮ ಆ ಒಂದು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. 1952ರ ಹೆಲ್ಸಿಂಕಿಯಲ್ಲೂ ಆಡಿದ ಅವರು 2017ರವರೆಗೆ ಬದುಕಿದ್ದರು. ನಾನು ಈ ಊರಿಗೆ ಬಂದು ಆಗಲೇ ಎಷ್ಟೋ ವರ್ಷ ಆಗಿತ್ತು. ಎರಡು ಒಲಿಂಪಿಕ್ಸ್ ಆಡಿದ ಕೈ ಇದೇ ಊರಲ್ಲಿತ್ತು, ಒಂದು ನೋಟ್‌ಬುಕ್ ಹಿಡಿದು ಹೋಗಿ ಕೇಳಬಹುದಿತ್ತು. ನನಗೆ ಅವರ ಹೆಸರೇ ಗೊತ್ತಿರಲಿಲ್ಲ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಡೆದ ಫೈನಲ್ಲಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಆ ತಂಡದ ಒಬ್ಬ ಆಟಗಾರನ ಹೆಸರು ಹೇಳಿ ನೋಡೋಣ. ಗೂಗಲ್ ಮಾಡದೆ.

ಬೇಸಿಗೆ ರಜಕ್ಕೆ ಹುಡುಗ ಬೆಂಗಳೂರಿಗೆ ಬಂದ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಒಂದು ಲೀಗ್ ಪಂದ್ಯಕ್ಕೆ ಕರಕೊಂಡು ಹೋದೆ. ಮುಗಿದ ಮೇಲೆ ಸೋತ ತಂಡದ ಗೋಲ್‌ಕೀಪರ್ ಗ್ಲೌಸ್ ಬಿಚ್ಚುತ್ತಾ ಹೊರಗೆ ಬಂದರು. ಮೊಣಕೈ ತುಂಬ ಕೆಂಪು ಮಣ್ಣು. ಇವನು ನೋಟ್‌ಬುಕ್ ಚಾಚಿದ. ಅವರು ಹಿಂದೆ ತಿರುಗಿ ನೋಡಿದರು, ಬೇರೆ ಯಾರನ್ನೋ ಕೇಳುತ್ತಿದ್ದಾನೆ ಅಂತ. ಆಮೇಲೆ, "ಏನ್ ಹೆಸ್ರು? ಯಾವ ಪೊಸಿಷನ್ ಆಡ್ತೀಯಾ?" ಅಂದರು. ಹೆಸರಿನ ಸ್ಪೆಲಿಂಗ್ ತಪ್ಪು ಬರೆದರು. ಹುಡುಗ ತಿದ್ದಿಸಿಕೊಳ್ಳಲಿಲ್ಲ. ಬಸ್ಸಿನಲ್ಲಿ ಮಲಗುವವರೆಗೂ ಆ ಪುಟವನ್ನು ತೆರೆದು ಮುಚ್ಚಿ ಮಾಡುತ್ತಿದ್ದ. ಆ ಸ್ಪೆಲಿಂಗ್ ತಪ್ಪಿಗಿಂತ ದೊಡ್ಡ ಸರ್ಟಿಫಿಕೇಟ್ ಯಾವುದಿದೆ ಹೇಳಿ.

ಮೆಸ್ಸಿಯ ಫ್ರೇಮು ಅಕ್ಕನ ಮನೆಯಲ್ಲಿ ಟಿವಿ ಮೇಲೆ ಇನ್ನೂ ಇದೆ. ಅದರ ಬಗ್ಗೆ ನನಗಿರುವ ಅನುಮಾನವನ್ನು ಅವನಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ನಿಮಗೆ ಹೇಳುತ್ತಿದ್ದೀನಿ. ಮುಂದಿನ ಬರ್ತ್‌ಡೇ ಕಲೆಕ್ಷನ್ ಮೆಸೇಜ್ ಗ್ರೂಪಿಗೆ ಬಂದಾಗ, ಆ ದುಡ್ಡಿಗೆ ಕಂಠೀರವದ ಟಿಕೆಟ್ ತಗೊಳ್ಳಿ. ಹುಟ್ಟುಹಬ್ಬದವರ ಪಕ್ಕದ ಸೀಟು ನಿಮ್ಮದೇ ಆಗಿರಲಿ. ಸಹಿ ಸಿಕ್ಕರೆ ಸಿಗಲಿ, ಸಿಗದಿದ್ದರೆ ಬಿಡಲಿ. "ಅವತ್ತು ನೀನು ಅಲ್ಲೇ ಇದ್ಯಾ?" ಅಂತ ಮುಂದೆ ಯಾರಾದರೂ ಕೇಳಿದರೆ, ಹೂಂ ಅನ್ನುವ ಹಾಗಿರಬೇಕು.