ಸೀಕು ಸಿಪಾಯಿಯದು, ಪರೀಕ್ಷೆ ಹೆಣ್ಣಿಗೆ



ಈ ಮಾತು ಎತ್ತಿದರೆ ಮುಖ ಆ ಕಡೆ ತಿರುಗಿಸುವವರು ನಮ್ಮಲ್ಲೂ ಇದ್ದಾರೆ. "ಬುಡು ಕೂಸೆ, ಅಂಥ ಮಾತ ಆಡ್ಬಾರ್ದು" ಅಂತಾರೆ ನಮ್ಮ ಅವ್ವಂದಿರು. ಹುಡುಗರು ಕಿಸಕ್ಕನೆ ನಗ್ತಾರೆ. ನಗೋರು ನಗಲಿ. ಚಾಮರಾಜನಗರ, ಗುಂಡ್ಲುಪೇಟೆಯ ನಮ್ಮ ಹುಡುಗಿಯರು ಪೊಲೀಸು, ಮಿಲಿಟರಿ ಭರ್ತಿಯ ಕನಸು ಕಟ್ಟಿಕೊಂಡು ಬೆಳಗಿನ ಚಳಿಯಲ್ಲಿ ಮೈದಾನ ಸುತ್ತುತ್ತಿರುವ ಕಾಲ ಇದು. ಗುಹ್ಯರೋಗದ ಬಗ್ಗೆ ಅವರಿಗೆ ಒಂದಕ್ಷರ ಹೇಳದೆ ದಂಡಿಗೆ ಕಳಿಸಿಬಿಡೋಣವೆ?

ಸಿಫಿಲಿಸ್‌ಗೆ ನಮ್ಮ ಹಳಬರು ಇಟ್ಟ ಹೆಸರು ಪರಂಗಿ ಹುಣ್ಣು. ಪರಂಗಿಯವರ ಜೊತೆ ಹಡಗು ಹತ್ತಿ ಬಂದ ಸೀಕು. ಹೆಸರಿನಲ್ಲೇ ತಂದವನ ಗುರುತು ಇದೆ. ಆದರೆ ಹಿಡಿದು ಪರೀಕ್ಷೆ ಮಾಡಿದ್ದು ಮಾತ್ರ ಬೇರೆಯವರನ್ನು.

ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನ್ಯ 1809ರಲ್ಲಿ ಬೆಂಗಳೂರಿಗೆ ಹೋಗಿ ದಂಡು ಕಟ್ಟಿತು. ದಂಡು ಇದ್ದ ಕಡೆ ಬಜಾರು, ಬಜಾರಿನಲ್ಲಿ ಹೊಟ್ಟೆಗಿಲ್ಲದ ಹೆಂಗಸರು. 1864ರ ಕಂಟೋನ್ಮೆಂಟ್ ಕಾಯ್ದೆ ಬಂತು, 1868ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಈ ಹೆಂಗಸರ ಹೆಸರನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು, ಟಿಕೀಟು ಕೊಟ್ಟು, ಗೊತ್ತಾದ ದಿನಕ್ಕೆ ಬಂದು ಮೈ ತೋರಿಸಬೇಕು ಅಂತ ಮಾಡಿದರು. ಸೀಕು ಕಂಡರೆ 'ಲಾಕ್ ಆಸ್ಪತ್ರೆ'ಯಲ್ಲಿ ಕೂಡಿಹಾಕುವುದು. ತಪ್ಪಿಸಿಕೊಂಡರೆ ದಂಡ, ಜೈಲು. ಬೆಂಗಳೂರು ದಂಡಿನಲ್ಲೂ ಅಂಥದೊಂದು ಆಸ್ಪತ್ರೆ ಇತ್ತು. ಇನ್ನು ಸಿಪಾಯಿ? ಅವನ ಗುಹ್ಯ ಪರೀಕ್ಷೆಯನ್ನು ಬ್ರಿಟಿಷ್ ಸೇನೆ 1859ರಲ್ಲೇ ಕೈಬಿಟ್ಟಿತ್ತು. ಸಿಪಾಯಿಗೆ ಅವಮಾನವಾಗ್ತದಂತೆ! ಅವಮಾನ ಅನ್ನುವುದು ಯಾರಿಗೆ ಆಗ್ತದೆ, ಯಾರಿಗೆ ಆಗಲ್ಲ ಅಂತ ಈ ದೇಶದಲ್ಲಿ ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ.

1876-78ರ ಬರ ನೆನೆಯಿರಿ. ಮೈಸೂರು ಸೀಮೆಯ ಜನ ಹುಳುಗಳ ಹಾಗೆ ಸತ್ತ ಬರ ಅದು. ಆಗ ಮದರಾಸಿನಲ್ಲಿ ಹಸಿದ ಹೆಂಗಸರು ತಾವಾಗಿಯೇ ಸೂಳೆಯರ ರಿಜಿಸ್ಟರಿನಲ್ಲಿ ಹೆಸರು ಬರೆಸಿದರು. ಲಾಕ್ ಆಸ್ಪತ್ರೆ ಸೇರಿದರೆ ಗಂಜಿಯಾದರೂ ಸಿಗ್ತದೆ ಅಂತ. ಈ ಒಂದು ಸಂಗತಿ ಓದಿದ ಮೇಲೆ ಎರಡು ದಿನ ನನಗೆ ಪದ್ಯ ಬರೆಯೋಕೆ ಆಗಲಿಲ್ಲ.

ಇಂಗ್ಲೆಂಡಿನಲ್ಲಿ ಜೋಸೆಫಿನ್ ಬಟ್ಲರ್ ಎಂಬ ಹೆಣ್ಣುಮಗಳು ಬೀದಿಗಿಳಿದು ಹೋರಾಡಿ 1886ರಲ್ಲಿ ಅಲ್ಲಿನ ಕಾಯ್ದೆ ರದ್ದಾಯಿತು. ಅದೇ ವರ್ಷ ಇಲ್ಲಿ ಸೇನೆಯ ದೊಡ್ಡ ಕಚೇರಿಯಿಂದ ಸುತ್ತೋಲೆ ಹೊರಟಿತು: ಪಲ್ಟನ್ನುಗಳಿಗೆ ಸಾಕಷ್ಟು ಹೆಂಗಸರು ಇರಲಿ, ನೋಡಲು ಚೆನ್ನಾಗಿಯೂ ಇರಲಿ ಅಂತ. ಹುಲ್ಲು, ಹುರುಳಿ ತರಿಸುವ ಹಾಗೆ! 1888ರಲ್ಲಿ ನಮ್ಮ ಕಡೆಯ ಕಾಯ್ದೆಯೂ ಹೋಯಿತು. ಕಾಯ್ದೆ ಹೋಯಿತು, ಬುದ್ಧಿ ಹೋಯಿತೆ?

ಹೆಣ್ಣೇ ಸಮವಸ್ತ್ರ ತೊಟ್ಟಾಗ ಏನಾಯಿತು ನೋಡಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಗಂಡಸರಿಗೆ ನಿರೋಧ್ ಹಂಚಿತು, ತಿಳುವಳಿಕೆ ಕೊಟ್ಟಿತು. ತನ್ನದೇ ಮಹಿಳಾ ದಳಕ್ಕೆ ನಿರೋಧ್ ಕೊಡಲಿಲ್ಲ. ಕೊಟ್ಟಿದ್ದಾರೆ ಅಂತ 1943ರಲ್ಲಿ ಸುಳ್ಳು ಸುದ್ದಿ ಎದ್ದಿದ್ದೇ ತಡ, ಆ ಹೆಂಗಸರ ಶೀಲವನ್ನೇ ಪತ್ರಿಕೆಯಲ್ಲಿ ಹರಾಜು ಹಾಕಿದರು. ಇವತ್ತು ಅದೇ ಅಮೆರಿಕದ ಸೈನ್ಯದಲ್ಲಿ ಕ್ಲಮೀಡಿಯ ಎಂಬ ರೋಗ ಗಂಡಸರಿಗಿಂತ ಹೆಂಗಸರ ಲೆಕ್ಕದಲ್ಲಿ ಬಹಳ ಹೆಚ್ಚು. ಅದಕ್ಕೆ ಒಂದು ಕಾರಣ, ಕಿರಿಯ ಹೆಂಗಸರನ್ನು ತಪ್ಪದೆ ಪರೀಕ್ಷೆ ಮಾಡ್ತಾರೆ, ಗಂಡಸರನ್ನು ಹಾಗೆ ಮಾಡಲ್ಲ. ಹುಡುಕಿದ ಕಡೆ ಸಿಗ್ತದೆ, ಹುಡುಕದ ಕಡೆ ಅಡಗಿರ್ತದೆ. ಆದರೂ ಪರೀಕ್ಷೆ ಬೇಡ ಅನ್ನಬೇಡಿ. ಈ ರೋಗ ಹೆಚ್ಚಿನ ಹೆಂಗಸರಲ್ಲಿ ಯಾವ ಗುರುತೂ ತೋರಿಸದೆ ಒಳಗೇ ಇದ್ದು ಗರ್ಭನಾಳ ಕೆಡಿಸಬಹುದು. ಗಂಡಸಿಗೂ ಆಗಲಿ ಅನ್ನೋದು ನನ್ನ ವಾದ.

ನಮ್ಮಲ್ಲಿ 2021ರ ಮೇ ತಿಂಗಳಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಹೆಣ್ಣುಮಕ್ಕಳು ಸಿಪಾಯಿಗಳಾಗಿ ಹೊರಬಂದರು. ಅಧಿಕಾರಿಗಳಲ್ಲದ ದರ್ಜೆಗೆ ಸೇರಿದ ಮೊದಲ ತಂಡ ಅದು. ಒಂದು ಕಾಲಕ್ಕೆ ಹೆಂಗಸರನ್ನು ಲಾಕ್ ಆಸ್ಪತ್ರೆಗೆ ತಳ್ಳಿದ ಅದೇ ಊರು. ಬಾಬಾಸಾಹೇಬರು ಹುಟ್ಟಿದ್ದೂ ಮಹೂ ದಂಡಿನಲ್ಲಿ, ಸುಬೇದಾರರ ಮನೆಯಲ್ಲಿ. ನಮ್ಮ ಜನಕ್ಕೆ ಸೈನ್ಯ ಅಂದರೆ ಅನ್ನ, ಅಕ್ಷರ, ನೆಟ್ಟಗೆ ನಿಲ್ಲುವ ಬೆನ್ನು. ಅಂಥ ಕೆಲಸ ಸಿಕ್ಕ ಹುಡುಗಿ ಬಿಳಿ ಹೋದರೂ, ಕಿಬ್ಬೊಟ್ಟೆ ನೋವಾದರೂ ಬಾಯಿ ಬಿಡಲ್ಲ. ಕೆಲಸ ಹೋದೀತು, ಊರಿಗೆ ಸುದ್ದಿ ಮುಟ್ಟೀತು ಅನ್ನುವ ಭಯ. ಮೇಲಿನವನೊಬ್ಬನ ಬಲವಂತದಿಂದ ಬಂದ ಸೀಕಾಗಿದ್ದರೆ ಅವಳ ಮೌನ ಕಾಯುವುದು ಯಾರನ್ನು? ಅವನನ್ನು ತಾನೆ?

ಬಿಳಿ ಹೋದ ಮಾತ್ರಕ್ಕೆ ಅದು ಲೈಂಗಿಕ ರೋಗವೇ ಆಗಬೇಕೆಂದಿಲ್ಲ, ಅದನ್ನು ಹೇಳಬೇಕಾದವರು ಡಾಕ್ಟರು. ಇನ್ನು ಸಿಫಿಲಿಸ್ ಶುರುವಿನಲ್ಲಿ ಸಿಕ್ಕಿದರೆ ಒಂದೇ ಪೆನಿಸಿಲಿನ್ ಸೂಜಿಗೆ ಹೋಗ್ತದೆ. ಕ್ಲಮೀಡಿಯಕ್ಕೆ ಒಂದು ವಾರದ ಮಾತ್ರೆ. ಆದರೆ ಜೊತೆಗಾರನೂ ಮದ್ದು ತಗೋಬೇಕು, ಇಲ್ಲದಿದ್ದರೆ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆಂದೇ 'ಸುರಕ್ಷಾ ಕ್ಲಿನಿಕ್' ನಡೆಸ್ತಾರೆ, ದುಡ್ಡು ಕೇಳಲ್ಲ. 1097ಕ್ಕೆ ಫೋನು ಮಾಡಿದರೂ ಕಾಸಿಲ್ಲ. ಎಚ್‌ಐವಿ ಇದೆ ಅನ್ನುವುದನ್ನು ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳಬಾರದು ಅಂತ 2017ರ ಕಾಯ್ದೆಯೇ ಇದೆ.

ನಾವು ಕೇಳಬೇಕಾದ್ದು ದೊಡ್ಡದೇನಲ್ಲ. ಹೆಣ್ಣು ಸಿಪಾಯಿಯನ್ನು ನೋಡಲು ಲೇಡಿ ಡಾಕ್ಟರು, ಬಾಗಿಲಿರುವ ಕೋಣೆ, ಗಂಡಿಗೂ ಹೆಣ್ಣಿಗೂ ಒಂದೇ ಪರೀಕ್ಷೆ, ವಾಸಿಯಾದ ಮೇಲೆ ಕಡತದಲ್ಲಿ ಮಸಿ ಉಳಿಯಬಾರದು. ಅದು ಡೆಲ್ಲಿಯವರ ಕೆಲಸ. ನಮ್ಮ ಕೆಲಸ ಇಲ್ಲೇ ಇದೆ. ಮುಂದಿನ ಸಭೆಗೆ ಒಬ್ಬ ಲೇಡಿ ಡಾಕ್ಟರನ್ನು ಕರೆಸಬೇಕು. ಹುಡುಗರೂ ಬಂದು ಕೂರಬೇಕು, ಹಿಂದಿನ ಬಾಗಿಲ ಹತ್ತಿರ ಅಲ್ಲ, ಮುಂದಿನ ಸಾಲಿನಲ್ಲಿ.